ನಮ್ ಚುಕ್ಕಿ ಬಾಣಂತನ: ಲೆಪರ್ಡ್ ಗೆಕ್ಕೋ ಮೊಟ್ಟೆ ಇಟ್ಟಾಗ ನನ್ನ ಅನುಭವ

ನಮ್ಮನೇಲಿರೋ ಲೆಪರ್ಡ್ ಗೆಕ್ಕೋ (ಮೈಮೇಲೆ ಚಿರತೆ ಥರ ಚುಕ್ಕಿ ಇರೋ, ಮನೇಲಿ ಸಾಕೋ ಒಂದು ಜಾತಿ ಹಲ್ಲಿ) ಹೆಸ್ರು ಚುಕ್ಕಿ. ಇರೋದು ಇವಳೊಬ್ಳೇ, ಗಂಡೇ ಇಲ್ಲ ಅಂದ್ಮೇಲೆ ಮೊಟ್ಟೆ ಎಲ್ಲಿಂದ ಬರತ್ತೆ ಅಂತ ನಾನು ಆ ಕಡೆ ಯೋಚ್ನೆನೇ ಮಾಡಿರ್ಲಿಲ್ಲ. ಆದ್ರೆ ಗಂಡು ಇಲ್ದೇನೂ ಇವು ಮೊಟ್ಟೆ ಇಡ್ತವೆ, ಮರಿ ಆಗಲ್ಲ ಅಷ್ಟೆ. ಜೊತೆಗೆ ಒಂದ್ಸಲ ಗಂಡಿನ ಜೊತೆ ಸೇರಿದ್ರೆ ಸಾಕು, ವೀರ್ಯನ ಒಳಗೇ ಉಳಿಸ್ಕೊಂಡು ಆ ಸೀಸನ್ನಲ್ಲಿ ನಾಕೈದು ಸಲ ಇಡ್ಬೋದು. ಚುಕ್ಕಿ ನನ್ನ ಹತ್ರ ಬರೋಕ್ ಮುಂಚೆ ಗಂಡಿನ ಜೊತೆ ಇದ್ಲಾ ಅಂತ ನಾನು ಕೇಳ್ಬೇಕಿತ್ತು, ಕೇಳ್ಲಿಲ್ಲ.

ಬಂದು ಮೂರು ವಾರಕ್ಕೆ ಊಟ ಬಿಟ್ಲು, ರಾತ್ರಿಯೆಲ್ಲಾ ಅವಳಿರೋ ಟ್ಯಾಂಕ್ ಮೂಲೆ ಕೆರೀತಿದ್ಲು, ನಾನು ಹೊಸ ಜಾಗ ಅಲ್ವಾ ಅದಕ್ಕೇ ಅನ್ಕೊಂಡೆ. ಒಂದಿನ ಬೆಳಿಗ್ಗೆ ನೋಡಿದ್ರೆ ಒಣ ಪೇಪರ್ ಮೇಲೆ ಎರಡು ಮೊಟ್ಟೆ, ಆಗ್ಲೇ ಒಣಗಿ ಸೊಟ್ಟಗಾಗಿತ್ತು. ಕರುಳು ಚುರುಕ್ ಅಂತು. ತೂಕ ಹಾಕಿದ್ರೆ 61 ಗ್ರಾಂ ಇದ್ದವಳು 52ಕ್ಕೆ ಇಳಿದಿದ್ಲು, ಬಾಲ ಬೇರೆ ತೆಳ್ಳಗಾಗಿತ್ತು. ಇವು ಕೊಬ್ಬು ಕೂಡಿಡೋದೇ ಬಾಲದಲ್ಲಿ, ಅದು ಕರಗಿದೆ ಅಂದ್ರೆ ಮೈಯಲ್ಲಿ ಏನೂ ಉಳಿದಿಲ್ಲ ಅಂತ.

ಮತ್ತೆ ಎರಡರಿಂದ ನಾಕು ವಾರದೊಳಗೆ ಇಡ್ಬೋದು ಅಂತ ಗೊತ್ತಾದ್ಮೇಲೆ ಮೊದ್ಲು ಮಾಡಿದ್ದು ಮೊಟ್ಟೆ ಡಬ್ಬಿ. ಅವಳು ಒಳಗೆ ಆರಾಮಾಗಿ ತಿರುಗೋ ಅಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳದಲ್ಲಿ ಒಂದು ತೂತು (ಅಂಚು ಮೈಗೆ ಗೀರ್ದೆ ಇರೋ ಹಾಗೆ ಉಜ್ಜಿದ್ದೆ), ಒಳಗೆ ಮೂರಿಂಚು ಒದ್ದೆ ಕೋಕೋಪೀಟ್. ಎಷ್ಟು ಒದ್ದೆ ಅಂದ್ರೆ ಮುಷ್ಟೀಲಿ ಹಿಂಡಿದ್ರೆ ಉಂಡೆ ಆಗ್ಬೇಕು, ನೀರು ತೊಟ್ಟಿಕ್ಬಾರ್ದು. ಟ್ಯಾಂಕ್ ನೆಲ ಬಿಸಿ ಮಾಡೋ ಹೀಟ್ ಮ್ಯಾಟ್ ಮೇಲೇ ಇಟ್ರೆ ಬೇಗ ಒಣಗತ್ತೆ, ಅದಕ್ಕೆ ಅದರ ಅಂಚಿಗೆ ಇಟ್ಟೆ. ಒಣ ಜಾಗ ಮಾತ್ರ ಇದ್ರೆ ಇವು ಮೊಟ್ಟೆ ತಡ್ಕೊಂಡೇ ಇದ್ಬಿಡ್ತವೆ, ಅಪಾಯ ಇರೋದೇ ಅಲ್ಲಿ.

ಎರಡ್ನೇದು ಕ್ಯಾಲ್ಸಿಯಂ. ಮೊಟ್ಟೆ ಸಿಪ್ಪೆಗೆ ಬೇಕಾದ ಕ್ಯಾಲ್ಸಿಯಂ ಊಟದಲ್ಲಿ ಸಿಗ್ಲಿಲ್ಲ ಅಂದ್ರೆ ಅವಳ ಮೂಳೆಯಿಂದ್ಲೇ ಹೋಗತ್ತೆ, ಕಾಲು ದವಡೆ ಎಲ್ಲಾ ಮೆತ್ತಗಾಗತ್ತೆ, ಮೊಟ್ಟೆ ತಳ್ಳೋಕೂ ಶಕ್ತಿ ಇರಲ್ಲ. ಕ್ರಿಕೆಟ್ ಹುಳಕ್ಕೆ ಪ್ರತೀ ಸಲ ಕ್ಯಾಲ್ಸಿಯಂ ಪೌಡರ್ ಹಚ್ಚಿ ಕೊಟ್ಟೆ, ವಿಟಮಿನ್ ಡಿ3 ಇರೋ ಪೌಡರ್ ವಾರಕ್ಕೆ ಎರಡು ಸಲ ಮಾತ್ರ ಯಾಕಂದ್ರೆ ಅದು ಜಾಸ್ತಿ ಆದ್ರೂ ಕೆಟ್ಟದ್ದೇ, ಡಿ3 ಇಲ್ಲದ್ದನ್ನ ಒಂದು ಮುಚ್ಚಳದಲ್ಲಿ ಯಾವಾಗ್ಲೂ ಟ್ಯಾಂಕಲ್ಲಿ ಇಟ್ಟಿರ್ತಿದ್ದೆ, ಅವಳೇ ಹೋಗಿ ನೆಕ್ತಿದ್ಲು.

ಮೊಟ್ಟೆ ಬಂದಿದ್ಯಾ ಅಂತ ನೋಡೋಕೆ ಹೊಟ್ಟೆ ಒತ್ಬೇಡಿ. ಪಾರದರ್ಶಕ ಡಬ್ಬೀಲಿ ಬಿಟ್ಟು ಕೆಳಗಿಂದ ನೋಡಿದ್ರೆ ಚರ್ಮದೊಳಗೆ ಬೆಳ್ಳಗೆ ಎರಡು ಉದ್ದುದ್ದ ಕಾಣ್ಸತ್ತೆ.

ಮೊದಲ್ನೇ ಸಲ ಇಟ್ಟು 22ನೇ ದಿನ ರಾತ್ರಿ ಮತ್ತೆ ಎರಡು ಮೊಟ್ಟೆ ಡಬ್ಬಿಯೊಳಗೇ ಇಟ್ಲು. ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಒಂಚೂರೂ ತಿರುಗಿಸ್ದೆ ಬೇರೆ ಡಬ್ಬಿಗೆ ಹಾಕ್ದೆ. ಕೋಳಿ ಮೊಟ್ಟೆ ಥರ ಹೊರಳಿಸಿದ್ರೆ ಒಳಗಿರೋ ಜೀವ ಹೋಗ್ಬೋದು. ಆ ಡಬ್ಬೀಲಿ ವರ್ಮಿಕ್ಯುಲೈಟ್ (ನೀರು ಹಿಡ್ಕೊಳೋ ಹಗುರವಾದ ಖನಿಜದ ಚೂರು) ಎಷ್ಟು ತೂಕವೋ ಅಷ್ಟೇ ತೂಕದ ನೀರು, 28 ಡಿಗ್ರಿ. ಆ ಬಿಸಿಗೆ ಹೆಚ್ಚಾಗಿ ಹೆಣ್ಣೇ ಆಗತ್ತೆ, 32-33ರ ಹತ್ರ ಗಂಡು ಜಾಸ್ತಿ. ವಾರ ಬಿಟ್ಟು ಟಾರ್ಚ್ ಹಿಡಿದ್ರೆ ಒಂದ್ರಲ್ಲಿ ಕೆಂಪು ನರ, ಇನ್ನೊಂದು ಬರೀ ಹಳದಿ. ಹಳದಿದು ಬೂಸ್ಟು ಹಿಡೀತು, ತೆಗ್ದೆ. ಇನ್ನೊಂದು 55ನೇ ದಿನ ಮರಿ ಆಯ್ತು.

ಆದ್ರೆ ಅಷ್ಟರೊಳಗೆ ಮೂರ್ನೇ ಸಲ ಇಡೋವಾಗ ನಮ್ಗೆಲ್ಲಾ ಜೀವ ಬಾಯಿಗ್ ಬಂದಿತ್ತು. ಒಂದೇ ಮೊಟ್ಟೆ ಇಟ್ಲು, ಆಮೇಲೆ ಎರಡು ದಿನ ಕೆರೆಯೋದು, ತಿಣುಕೋದು, ಸುಸ್ತಾಗಿ ಕಣ್ಣು ಮುಚ್ಚಿ ಬಿದ್ಕೊಳೋದು. ಹಾವು ಹಲ್ಲಿ ನೋಡೋ ಡಾಕ್ಟ್ರ ಹತ್ರ ಓಡಿದ್ವಿ, ಎಕ್ಸ್‌ರೇಲಿ ಇನ್ನೊಂದು ಮೊಟ್ಟೆ ಒಳಗೇ ಇತ್ತು. ಕ್ಯಾಲ್ಸಿಯಂ ಇಂಜೆಕ್ಷನ್ನು, ಫ್ಲೂಯಿಡ್ಸು ಕೊಟ್ರು, ಬೆಚ್ಚಗೆ ಇಡಿ, ಮುಟ್ಬೇಡಿ ಅಂದ್ರು, ನಾಳೆ ಬರ್ಲಿಲ್ಲ ಅಂದ್ರೆ ಆಪರೇಷನ್ ಅಂತಾನೂ ಹೇಳಿದ್ರು. ಮಾರ್ನೇ ರಾತ್ರಿ ಇಟ್ಲು, ನಾನು ಅಲ್ಲೇ ಕೂತು ಅತ್ತೆ. ದಯವಿಟ್ಟು ಇಂಥ ಟೈಮಲ್ಲಿ ಮನೇಲಿ ಒತ್ತಿ ತೆಗೆಯೋಕೆ ಹೋಗ್ಬೇಡಿ, ಮೊಟ್ಟೆ ಒಳಗೇ ಒಡೆದ್ರೆ ಅವು ಉಳಿಯೋದು ಕಷ್ಟ.

ಆಮೇಲೆ ಬಂದ ಮೊಟ್ಟೆ ಯಾವ್ದನ್ನೂ ನಾನು ಮರಿ ಮಾಡ್ಲಿಲ್ಲ, ಪೂರ್ತಿ ಗಮನ ಅವಳ ಬಾಣಂತನಕ್ಕೇ. ನೆಲದ ಬಿಸಿ 32 ಇಟ್ಟು, ದಿನಾ ಕ್ರಿಕೆಟ್ಟು, ವಾರಕ್ಕೆರಡು ಸಲ ತೂಕ. ಮತ್ತೆ 60 ದಾಟೋಕೆ ಎರಡೂವರೆ ತಿಂಗ್ಳು ಹಿಡೀತು. ಮೊಟ್ಟೆ ಡಬ್ಬಿ ಮಾತ್ರ ನಾನಿನ್ನೂ ತೆಗ್ದಿಲ್ಲ, ಚರ್ಮ ಬಿಡೋವಾಗ ಅದರೊಳಗೇ ಹೋಗಿ ಮಲಗ್ತಾಳೆ.