ಕೋರ್ಡ್ ದೇವರ ಕ್ಲೆರಿಕ್ ಆಡುವವರಿಗೆ

ಮಂಗಳೂರಿನ ಬಿಜೈಯಲ್ಲಿ ನಮ್ಮ ಮನೆಯ ಮಹಡಿ ಮೇಲೆ ಭಾನುವಾರ ಮಧ್ಯಾಹ್ನ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕತೆ ಕಟ್ಟುತ್ತಾ, ಕೆಲಸ ಆಯಿತೋ ಇಲ್ಲವೋ ಎಂದು 20 ಮುಖದ ಡೈಸ್ ಹಾಕಿ ನೋಡುವ ಆಟ ಅದು. ಐದು ಜನ. ಡಂಜನ್ ಮಾಸ್ಟರ್, ಅಂದರೆ ಕತೆ ನಡೆಸುವುದು, ನಾನು. ಹೊಸಬರು ಬಂದರೆ ಮೊದಲು ಕೇಳುವುದು "ನನಗೆ ಗಟ್ಟಿ ಪಾತ್ರ ಬೇಕು" ಅಂತ. ಅಂಥವರಿಗೆ ನಾನು ಕೋರ್ಡ್‌ನ ಕ್ಲೆರಿಕ್, ಅಂದರೆ ದೇವರ ಬಲದಿಂದ ಮಂತ್ರ ಹಾಕುವ, ಹೊಡೆದಾಡಲೂ ಬಲ್ಲ ಪೂಜಾರಿಯ ಪಾತ್ರ ಕೊಡುತ್ತೇನೆ. ಆದರೆ ಮೂರನೇ ವಾರಕ್ಕೆ ಆ ಪಾತ್ರ ಬರೀ ಬೊಬ್ಬೆ ಹಾಕಿ ಬಾಗಿಲು ಒಡೆಯುವವನಾಗಿ ಬಿಡುವುದು ಉಂಟು. ಹಾಗಾಗಬಾರದು. ಈ ದೇವರಲ್ಲಿ ಅದಕ್ಕಿಂತ ತುಂಬಾ ಜಾಸ್ತಿ ಇದೆ.

ಕೋರ್ಡ್ ಗ್ರೇಹಾಕ್ ಎಂಬ ಆಟದ ಲೋಕದ ದೇವರು. ಕೆಂಪು ಕೂದಲು, ಕೆಂಪು ಗಡ್ಡ, ಡ್ರ್ಯಾಗನ್ ಚರ್ಮದ ಉಡುಪು, ಕೈಯಲ್ಲಿ ದೊಡ್ಡ ಕತ್ತಿ. ಬಲ, ಧೈರ್ಯ, ಆಟೋಟ ಇವನದ್ದು. 2008ರ ನಾಲ್ಕನೇ ಆವೃತ್ತಿಯಲ್ಲಿ ಗುಡುಗು ಮಿಂಚೂ ಇವನಿಗೆ ಸೇರಿತು. ಆಗ ಇವನ ಭಕ್ತರಿಗೆ ಹಾಕಿದ ಕಟ್ಟಳೆಯಲ್ಲಿ ಒಂದು ಮಾತು ನನಗೆ ಬಹಳ ಮುಖ್ಯ: ಬಲ ಬೆಳೆಸು, ಆದರೆ ಸುಮ್ನೆ ಹಾಳು ಮಾಡಲಿಕ್ಕೆ ಅದನ್ನು ಬಳಸಬೇಡ. ಬಾಗಿಲು ಒಡೆಯುವವರು ಓದದೆ ಬಿಡುವುದು ಇದನ್ನೇ.

ಮೊದಲು ಲೆಕ್ಕ ಸರಿ ಮಾಡಿಕೊಳ್ಳಿ. ನಾವು ಆಡುವುದು 2014ರ ನಿಯಮದಲ್ಲಿ. ಅದರಲ್ಲಿ ಕೋರ್ಡ್‌ಗೆ ಟೆಂಪೆಸ್ಟ್ (ಬಿರುಗಾಳಿ), ವಾರ್ (ಯುದ್ಧ) ಎಂದು ಎರಡು ಡೊಮೇನ್, ಅಂದರೆ ಕ್ಲೆರಿಕ್ ಆರಿಸಿಕೊಳ್ಳುವ ದೇವರ ಶಕ್ತಿಯ ಬಗೆ. ಎರಡರಲ್ಲೂ ಭಾರದ ಕವಚ ಹಾಕಬಹುದು. ಆದ್ದರಿಂದ ಪಾತ್ರದ ಗುಣಗಳಿಗೆ ಅಂಕ ಹಂಚುವಾಗ ಡೆಕ್ಸ್‌ಟೆರಿಟಿಗೆ (ಚುರುಕುತನ) 8 ಕೊಟ್ಟರೂ ಚಿಂತೆ ಇಲ್ಲ. 15 ಸ್ಟ್ರೆಂಗ್ತ್‌ಗೆ (ಬಲ), 14 ವಿಸ್‌ಡಮ್‌ಗೆ (ವಿವೇಕ), 13 ಕಾನ್‌ಸ್ಟಿಟ್ಯೂಷನ್‌ಗೆ (ದೇಹದ ಗಟ್ಟಿತನ) ಹಾಕಿ. ಪಾತ್ರ ಮನುಷ್ಯನಾದರೆ ಎಲ್ಲಕ್ಕೂ ಒಂದೊಂದು ಕೂಡುತ್ತದೆ. ಇಲ್ಲಿ ಎಲ್ಲರೂ ಎಡವುವ ಜಾಗ ಒಂದುಂಟು. ಕ್ಲೆರಿಕ್‌ನ ಸ್ಕಿಲ್ ಪಟ್ಟಿಯಲ್ಲಿ ಅಥ್ಲೆಟಿಕ್ಸ್ ಇಲ್ಲವೇ ಇಲ್ಲ. ಆಟೋಟದ ದೇವರ ಭಕ್ತನಿಗೆ ಅಥ್ಲೆಟಿಕ್ಸ್ ಬಾರದಿದ್ದರೆ ಹೇಗೆ ಅಲ್ವಾ? ಅದಕ್ಕೆ ಬ್ಯಾಕ್‌ಗ್ರೌಂಡ್ (ಪಾತ್ರದ ಹಿಂದಿನ ಬದುಕು) ಸೋಲ್ಜರ್ ಅಥವಾ ಔಟ್‌ಲ್ಯಾಂಡರ್ ತೆಗೆದುಕೊಳ್ಳಿ. ಎರಡರಲ್ಲೂ ಅದು ಸಿಗುತ್ತದೆ.

ಮಂತ್ರಗಳಲ್ಲಿ ಗೈಡೆನ್ಸ್ ಬಿಡಲೇಬೇಡಿ. ಅದು ಬೇರೆಯವರ ಪ್ರಯತ್ನಕ್ಕೆ ನಾಲ್ಕು ಮುಖದ ಡೈಸ್ ಕೂಡಿಸುತ್ತದೆ. ಬ್ಲೆಸ್ ಕೂಡ ಹಾಗೆಯೇ, ಒಮ್ಮೆಗೆ ಮೂರು ಜನರ ಹೊಡೆತಕ್ಕೂ ತಡೆಗೂ ಬಲ ಕೊಡುತ್ತದೆ. ತಾನು ಹೊಡೆಯುವುದಕ್ಕಿಂತ ಹೆದರಿದವನ ಬೆನ್ನಿಗೆ ಕೈ ಇಟ್ಟು "ನೀನು ಎತ್ತು, ನಾನಿದ್ದೇನೆ" ಅನ್ನುವವನೇ ನನ್ನ ಕಣ್ಣಿಗೆ ಕೋರ್ಡ್‌ನ ನಿಜವಾದ ಕ್ಲೆರಿಕ್.

ಹೊಡೆದಾಟದಲ್ಲಿ ಕಬಡ್ಡಿ ನೆನಪಿಟ್ಟುಕೊಳ್ಳಿ. ಕಾಲೇಜಿನಲ್ಲಿ ನಾನು ರೈಡರ್ ಆಗಿದ್ದೆ. ಎದುರು ಏಳು ಜನ, ಉಸಿರು ಒಂದೇ. ಆ್ಯಂಕಲ್ ಹಿಡಿದವನ ಕೈ ಎಷ್ಟು ಬಿಗಿ ಅಂತ ಕಾಲಿಗೆ ಗೊತ್ತಿರುತ್ತದೆ. ಆಟದಲ್ಲೂ ಕತ್ತಿ ಬೀಸುವ ಬದಲು ಗ್ರ್ಯಾಪಲ್ ಮಾಡಬಹುದು, ಅಂದರೆ ಎದುರಾಳಿಯನ್ನು ಹಿಡಿದು ನಿಲ್ಲಿಸಬಹುದು: ನಿಮ್ಮ ಅಥ್ಲೆಟಿಕ್ಸ್ ಎದುರು ಅವನ ಅಥ್ಲೆಟಿಕ್ಸ್ ಅಥವಾ ಅಕ್ರೊಬ್ಯಾಟಿಕ್ಸ್. ಗೆದ್ದರೆ ಅವನ ವೇಗ ಸೊನ್ನೆ. ಮುಂದಿನ ಸರದಿಯಲ್ಲಿ ನೆಲಕ್ಕೆ ಕೆಡವಿ. ವೇಗ ಸೊನ್ನೆ ಆದವನಿಗೆ ಏಳಲಿಕ್ಕೆ ಆಗುವುದಿಲ್ಲ. ಹತ್ತಿರ ನಿಂತು ಹೊಡೆಯುವ ನಿಮ್ಮವರಿಗೆಲ್ಲ ಅಡ್ವಾಂಟೇಜ್, ಅಂದರೆ ಎರಡು ಡೈಸ್ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು.

ಬಲದ ಕೆಲಸ ಮಾಡುವಾಗ ಬರೀ ಸಂಖ್ಯೆ ಹೇಳಬೇಡಿ. ದಸರಾ ಸಮಯದಲ್ಲಿ ಹುಲಿವೇಷದವರು ಅಕ್ಕಿ ಮುಡಿ ಎತ್ತುವುದನ್ನು ನೋಡಿದ್ದೀರಲ್ಲ. ವೇಷದವನು ಮೊದಲು ಮುಡಿಗೆ ಒಂದು ಸುತ್ತು ಹಾಕುತ್ತಾನೆ. ಬಗ್ಗಿ ಕೈಯಿಂದ ಮುಟ್ಟಿ ನಮಸ್ಕಾರ ಮಾಡುತ್ತಾನೆ. ತಾಸೆಯ ಪೆಟ್ಟು ಜೋರಾಗುತ್ತದೆ. ಆಮೇಲೆ ಹಲ್ಲಿನಲ್ಲಿ ಕಚ್ಚಿ ಎತ್ತಿ ತಲೆಯ ಮೇಲಿಂದ ಹಿಂದಕ್ಕೆ ಎಸೆಯುತ್ತಾನೆ. ಜನ ಉಸಿರು ಬಿಗಿ ಹಿಡಿಯುವುದು ಎಸೆದಾಗ ಅಲ್ಲ, ಅವನು ಬಗ್ಗಿದಾಗ. ನಿಮ್ಮ ಪಾತ್ರ ಬಂಡೆ ಎತ್ತುವ ಮೊದಲು ಏನು ಮಾಡುತ್ತದೆ, ಅದನ್ನು ಎರಡು ಮಾತಿನಲ್ಲಿ ಹೇಳಿ, ಆಮೇಲೆ ಡೈಸ್ ಹಾಕಿ.

ಒಂದು ಕೇಳಿಕೆ. ನಮ್ಮ ದೈವಗಳನ್ನು ಮೇಜಿಗೆ ತರಬೇಡಿ. ಗರೋಡಿ ಅಂದರೆ ನಮ್ಮಲ್ಲಿ ಸಾಮು ಮಾಡುವ ಜಾಗವೂ ಹೌದು, ತುಳುನಾಡಿನ ಅವಳಿ ವೀರರಾದ ಕೋಟಿ ಚೆನ್ನಯರನ್ನು ನಂಬುವ ಜಾಗವೂ ಹೌದು. ಕೋರ್ಡ್‌ನ ಗುಡಿ ವರ್ಣಿಸುವಾಗ ಮಣ್ಣಿನ ಅಂಕಣ, ಬೆವರಿನ ವಾಸನೆ, ಮೂಲೆಯಲ್ಲಿ ಒರಗಿಸಿಟ್ಟ ಗದೆ ಇಷ್ಟು ತೆಗೆದುಕೊಳ್ಳಿ. ಹೆಸರುಗಳು ಅಲ್ಲೇ ಇರಲಿ.

ಇನ್ನು ಧೈರ್ಯ. ಡಂಜನ್ ಮಾಸ್ಟರ್ ಆಗಿರುವವರು ಇದನ್ನು ಗಮನವಿಟ್ಟು ಓದಿ. ಡೈಸ್ ಚೆನ್ನಾಗಿ ಬಿದ್ದಾಗ ಧೈರ್ಯ ಬೇಕಾಗುವುದಿಲ್ಲ. ಕಳೆದ ಮಳೆಗಾಲ ನಮ್ಮ ಆಟಕ್ಕೆ ಮಣಿಪಾಲದಿಂದ ಬಸ್ಸಿನಲ್ಲಿ ಬರುವ ಒಬ್ಬಳು ಹುಡುಗಿ ಸೇರಿದಳು. ಮಾತು ಕಡಿಮೆ. ಅವಳ ಕ್ಲೆರಿಕ್ ಎರಡನೇ ಲೆವೆಲ್. ಹೊಳೆಯಲ್ಲಿ ನೆರೆ, ಕಾಲುಸಂಕ ಮುರಿದಿದೆ, ಆಚೆ ದಡದಲ್ಲಿ ಮೂರು ಮಕ್ಕಳು. ಸೊಂಟದವರೆಗೆ ನೀರಿಗಿಳಿದು ಹಗ್ಗ ಬಿಗಿ ಹಿಡಿಯಬೇಕು. ಬೇಕಾದದ್ದು 15. ಡೈಸ್‌ನಲ್ಲಿ ಬಿದ್ದದ್ದು 4, ಅಥ್ಲೆಟಿಕ್ಸ್‌ನ 5 ಕೂಡಿದರೆ 9.

"ಹಗ್ಗ ಜಾರಿತು" ಅಂತ ನಾನು ಹೇಳಲಿಲ್ಲ. "ಹಗ್ಗ ಕೈಯನ್ನು ಕೊಯ್ಯುತ್ತಾ ಉಂಟು. ಬಿಡಬಹುದು. ಹಿಡಿದರೆ ಒಂದೊಂದು ಸುತ್ತಿಗೂ ಒಂದು ಮಗು ದಾಟುತ್ತದೆ, ನಿನಗೆ ಆರು ಮುಖದ ಡೈಸ್‌ನಷ್ಟು ಪೆಟ್ಟು" ಅಂದೆ. ಅವಳ ಹಿಟ್ ಪಾಯಿಂಟ್, ಅಂದರೆ ಪೆಟ್ಟು ತಾಳುವ ಶಕ್ತಿ, 17. ಮೊದಲು 5 ಹೋಯಿತು. ಆಮೇಲೆ 4. ಮೇಜಿನ ಮೇಲೆ ಗೋಳಿಬಜೆ ತಣ್ಣಗಾಗುತ್ತಿತ್ತು, ಯಾರೂ ಮುಟ್ಟಲಿಲ್ಲ. ಮೂರನೇ ಸಲ 6. ಉಳಿದದ್ದು 2. "ಬಿಡುವುದಿಲ್ಲ" ಅಂತ ಮೂರು ಸಲವೂ ಅವಳು ಹೇಳಿದ್ದು ಅಷ್ಟೇ.

ಹೀಗೆ ಮಾಡಿ: ಸೋತ ಡೈಸ್‌ಗೆ "ಆಗಲಿಲ್ಲ" ಅನ್ನುವ ಬದಲು ಒಂದು ಬೆಲೆ ಹೇಳಿ, ಕೊಡುವುದೋ ಬಿಡುವುದೋ ಆಡುವವರೇ ತೀರ್ಮಾನಿಸಲಿ. ಪ್ರತಿ ಸಲ ಬೇಡ, ಒಂದು ಆಟಕ್ಕೆ ಒಮ್ಮೆ ಸಾಕು.

ಆಡುವವರು ಮೊದಲ ದಿನವೇ ಒಂದು ಚೀಟಿಯಲ್ಲಿ ತಮ್ಮ ಕ್ಲೆರಿಕ್ ಯಾವುದಕ್ಕೆ ಹೆದರುತ್ತಾನೆ ಎಂದು ಬರೆದು ಡಂಜನ್ ಮಾಸ್ಟರ್ ಕೈಗೆ ಕೊಡಿ. ಬೇರೆಯವರಿಗೆ ತೋರಿಸಬೇಡಿ. ಆ ಹುಡುಗಿ ಕೊಟ್ಟ ಚೀಟಿಯಲ್ಲಿ ಇದ್ದದ್ದು ಒಂದೇ ಪದ: ನೀರು.