ಎರಡು ವಾಲ್ವ್‌ಗಳ ಜಗಳ ಬಿಡಿಸಿದ್ದು

ಪುಣೆಯ ಭೋಸರಿಯಲ್ಲಿ ಬಿಡಿಭಾಗ ತೊಳೆಯುವ ನೀರಿನ ಟ್ಯಾಂಕ್ ನನ್ನ ಜವಾಬ್ದಾರಿ. ಬಿಸಿನೀರು 80 ಡಿಗ್ರಿ, ತಣ್ಣೀರು 25. ಬೆರೆತ ನೀರು 50ಕ್ಕೆ ನಿಲ್ಲಬೇಕು, ಮಟ್ಟವೂ ಏರಿಳಿಯಬಾರದು. ಮಟ್ಟಕ್ಕೆ ತಣ್ಣೀರಿನ ವಾಲ್ವ್, ತಾಪಮಾನಕ್ಕೆ ಬಿಸಿನೀರಿನ ವಾಲ್ವ್ ಅಂತ ಎರಡು ಪಿಐಡಿ ಲೂಪ್ (ಅಳತೆ ಗುರಿಯಿಂದ ಎಷ್ಟು ತಪ್ಪಿದೆ ಅಂತ ನೋಡಿ ವಾಲ್ವನ್ನು ತಾನೇ ತಿದ್ದುವ ವ್ಯವಸ್ಥೆ) ಹಾಕಿದ್ದೆ. ಒಂದನ್ನು ಮ್ಯಾನ್ಯುಯಲ್‌ನಲ್ಲಿಟ್ಟರೆ ಇನ್ನೊಂದು ಚೆನ್ನಾಗಿ ನಿಲ್ಲುತ್ತಿತ್ತು. ಎರಡನ್ನೂ ಆಟೋಗೆ ಹಾಕಿದರೆ ತೂಗಾಟ ಶುರು. ಬಾಗಲಕೋಟೆ ಕಡೆಯ ನಮ್ಮ ಆಪರೇಟರ್ ಕಾಕಾ ನೋಡಿ, “ಸರ್, ಎರಡೂ ಜಗಳಾ ಆಡಾಕತ್ತಾವ” ಅಂದರು.

ನಿಜವೇ. ತಣ್ಣೀರು ಬಿಟ್ಟರೆ ಮಟ್ಟದ ಜೊತೆ ತಾಪಮಾನವೂ ಬದಲಾಗುತ್ತದೆ. ಅದನ್ನು ಸರಿಮಾಡಲು ಬಿಸಿನೀರು ಬಂದರೆ ಮಟ್ಟ ಮತ್ತೆ ಕೆಡುತ್ತದೆ. ಬರೀ ಟ್ಯೂನಿಂಗ್‌ನಿಂದ, ಅಂದರೆ ಲೂಪ್ ಎಷ್ಟು ಜೋರಾಗಿ ತಿದ್ದಬೇಕು ಅಂತ ಹೊಂದಿಸುವುದರಿಂದ, ಇದು ಹೋಗಲ್ಲ. ಹಾಗಾಗಿ ಲೂಪ್‌ಗಳ ಕೆಲಸವನ್ನೇ ಬದಲಿಸಿದೆ. ಮಟ್ಟದ ಲೂಪ್ ಒಟ್ಟು ಎಷ್ಟು ನೀರು ಬೇಕು ಅಂತ ಮಾತ್ರ ಹೇಳಲಿ. ತಾಪಮಾನದ ಲೂಪ್ ಅದರಲ್ಲಿ ಬಿಸಿಯ ಪಾಲು ಎಷ್ಟು ಅಂತ ಹೇಳಲಿ. 50 ಡಿಗ್ರಿಗೆ ಆ ಪಾಲು 55ರಲ್ಲಿ 25, ಸುಮಾರು ಶೇ. 45. ಹೊರಗೆ ಹೋಗುವ ನೀರು ಮಟ್ಟದ ವರ್ಗಮೂಲದಂತೆ ಬದಲಾಗುತ್ತದೆ: ಮಟ್ಟ ಕಾಲುಭಾಗಕ್ಕೆ ಇಳಿದರೆ ಹರಿವು ಅರ್ಧ. ಅದನ್ನೂ ಪಿಎಲ್‌ಸಿಯಲ್ಲಿ (ವಾಲ್ವ್‌ಗಳನ್ನು ನಡೆಸುವ ಕಂಪ್ಯೂಟರ್) ಲೆಕ್ಕ ಹಾಕಿ ಒಟ್ಟು ಹರಿವಿಗೆ ಮೊದಲೇ ಸೇರಿಸಿದೆ. ಉಳಿದದ್ದು ಎರಡು ಸರಳ ಲೂಪ್. ತಾಪಮಾನದ್ದನ್ನು ಬೇಕಂತಲೇ ನಿಧಾನವಾಗಿಟ್ಟೆ, ಸೆನ್ಸರ್ ತಡವಾಗಿ ಹೇಳುತ್ತದಲ್ಲ.

ಎರಡು ವಾರ ಎಲ್ಲ ಚೆನ್ನ. ಆಮೇಲೆ ಒಂದು ಸೋಮವಾರ ಬೆಳಿಗ್ಗೆ ಬಿಸಿನೀರಿನ ವಾಲ್ವ್ ಹುಚ್ಚು ಹಿಡಿದಂತೆ ಪೂರ್ತಿ ತೆರೆದು ಮುಚ್ಚತೊಡಗಿತು. ನನಗೆ ಬಹಳ ಕಲಿಸಿದ ದಿನ ಅದು. ಪಾಲು ಲೆಕ್ಕ ಹಾಕುವಾಗ ಬಿಸಿ ಮತ್ತು ತಣ್ಣೀರಿನ ತಾಪಮಾನದ ಅಂತರದಿಂದ ಭಾಗಿಸುತ್ತೇವೆ. ರಜೆಯ ನಂತರ ಪೈಪಿನಲ್ಲಿದ್ದ ‘ಬಿಸಿನೀರು’ 27 ಡಿಗ್ರಿ. 55ರ ಬದಲು 2ರಿಂದ ಭಾಗಿಸಿದರೆ ವಾಲ್ವ್‌ಗೆ ಹೋಗುವ ಆಜ್ಞೆ 27 ಪಟ್ಟಿಗೂ ಹೆಚ್ಚು ದೊಡ್ಡದಾಗುತ್ತದೆ, ಅಲ್ವಾ? ಎರಡು ನೀರೂ ಒಂದೇ ಬಿಸಿಯಲ್ಲಿದ್ದರೆ ತಾಪಮಾನವನ್ನು ಬೇರೆಯಾಗಿ ಹಿಡಿಯಲು ದಾರಿಯೇ ಇಲ್ಲ.

ಈಗ ಅಂತರ 20ಕ್ಕಿಂತ ಕಡಿಮೆ ಇದ್ದರೆ ಡಿಕಪ್ಲಿಂಗ್ (ಎರಡು ಲೂಪ್‌ಗಳನ್ನು ಬೇರ್ಪಡಿಸುವ ಈ ಲೆಕ್ಕ) ಬಂದ್, ಇಂಟಿಗ್ರಲ್ (ಲೂಪ್‌ನಲ್ಲಿ ಹಿಂದಿನ ತಪ್ಪನ್ನು ಕೂಡಿಸುತ್ತ ಹೋಗುವ ಭಾಗ) ತಡೆದು ನಿಲ್ಲಿಸಿ, ಪಾಲು ಸ್ಥಿರವಾಗಿಟ್ಟು ಮಟ್ಟದ ಲೂಪ್ ಮಾತ್ರ ನಡೆಸುತ್ತೇನೆ. ಒಂದು ವಾಲ್ವ್ ಪೂರ್ತಿ ತೆರೆದರೆ ಇನ್ನೊಂದರ ಹರಿವನ್ನು ಇಳಿಸಿ ಪಾಲು ಕಾಯುತ್ತೇನೆ. ಮಟ್ಟ ಸ್ವಲ್ಪ ತಡವಾಗಿ ಬರಲಿ, ತೊಳೆತಕ್ಕೆ 50 ಡಿಗ್ರಿಯೇ ಮುಖ್ಯ. ಕಾಕಾ ಕೇಳಿದ್ದಕ್ಕೆ ಆ ಅಂತರವನ್ನು ಸ್ಕ್ರೀನಿನ ಮೇಲೆ ದೊಡ್ಡದಾಗಿ ಹಾಕಿಕೊಟ್ಟೆ. ಬೆಳಿಗ್ಗೆ ಬಂದವರೇ ಅವರು ಮೊದಲು ಅದನ್ನೇ ನೋಡುತ್ತಾರೆ.