ಟ್ಯಾರೋ ಓದುವ ಕೋಣೆಯಲ್ಲಿ ತಂಬೂರಿ

ಧಾರವಾಡದ ನಮ್ಮ ಮನೆಯ ಹೊರಕೋಣೆಯಲ್ಲಿ ಒಂಬತ್ತು ವರ್ಷಗಳಿಂದ ನಾನು ಟ್ಯಾರೋ ಕಾರ್ಡ್ ಓದುತ್ತಿದ್ದೇನೆ; ಎಂದರೆ, ಬಂದವರ ಪ್ರಶ್ನೆಗೆ ಚಿತ್ರದ ಕಾರ್ಡುಗಳನ್ನು ಹರಡಿ ಅವುಗಳ ಅರ್ಥ ಹೇಳುತ್ತೇನೆ. ಮೊದಲ ಮೂರು ವರ್ಷ ಯಾರೇ ಬಂದರೂ ಹಿನ್ನೆಲೆಯಲ್ಲಿ ಹಾಡು ಇದ್ದೇ ಇರುತ್ತಿತ್ತು. ಅಪರಿಚಿತರೊಬ್ಬರ ಎದುರು ಕುಳಿತು ಕಾರ್ಡಿನ ಎಲೆ ಕಲಸುವಾಗ ಕೋಣೆಯನ್ನು ಆವರಿಸುವ ಮೌನ ಬಂದವರಿಗೂ ನನಗೂ ಭಾರವೆನಿಸುತ್ತಿತ್ತು. ಅದನ್ನು ಹಗುರಗೊಳಿಸಲೆಂದೇ ಹಾಡು ಹಾಕುತ್ತಿದ್ದೆ. ಯಾವ ಹಾಡು, ಎಷ್ಟು ಹೊತ್ತು, ಎಷ್ಟು ದನಿಯಲ್ಲಿ ಎಂಬುದನ್ನು ಯೋಚಿಸಿರಲಿಲ್ಲ.

ಯೋಚಿಸುವಂತೆ ಮಾಡಿದ್ದು ನನ್ನದೇ ಧ್ವನಿಮುದ್ರಣ. ಮನೆಗೆ ಹೋದ ಮೇಲೆ ಮತ್ತೊಮ್ಮೆ ಕೇಳಿಸಿಕೊಳ್ಳಲಿ ಎಂದು, ಬಂದವರ ಒಪ್ಪಿಗೆ ಪಡೆದು, ಪ್ರತಿ ರೀಡಿಂಗನ್ನೂ ಫೋನಿನಲ್ಲಿ ಮುದ್ರಿಸಿ ಕೊಡುವುದು ನನ್ನ ರೂಢಿ. ಒಮ್ಮೆ ಶಿಕ್ಷಕಿಯೊಬ್ಬರು ವರ್ಗಾವಣೆಗೆ ಅರ್ಜಿ ಹಾಕಬೇಕೇ ಬೇಡವೇ ಎಂಬ ಪ್ರಶ್ನೆಯೊಂದಿಗೆ ಬಂದಿದ್ದರು. ಹರಡಿದ ಮೂರು ಕಾರ್ಡುಗಳಲ್ಲಿ ನಡುವಿನದು ಫೈವ್ ಆಫ್ ಕಪ್ಸ್. ಕರಿಯ ನಿಲುವಂಗಿ ಹೊದ್ದು ತಲೆ ತಗ್ಗಿಸಿ ನಿಂತ ವ್ಯಕ್ತಿಯ ಮುಂದೆ ಮೂರು ಬಟ್ಟಲುಗಳು ಉರುಳಿ ಚೆಲ್ಲಿವೆ. ಬೆನ್ನ ಹಿಂದೆ ಎರಡು ಬಟ್ಟಲುಗಳು ನೆಟ್ಟಗೆ ನಿಂತಿವೆ. ದೂರದಲ್ಲಿ ಹೊಳೆ, ಹೊಳೆಗೊಂದು ಸೇತುವೆ, ಆಚೆ ದಡದಲ್ಲಿ ಕೋಟೆಯಂಥ ಕಟ್ಟಡವಿದೆ. ಕಳುಹಿಸುವ ಮೊದಲು ಮುದ್ರಣವನ್ನು ಕೇಳಿದಾಗ, ಹನ್ನೊಂದು ನಿಮಿಷಗಳ ಕಾಲ ನಾನು ಚೆಲ್ಲಿಹೋದ ಮೂರು ಬಟ್ಟಲುಗಳ ಬಗೆಗೆ ಮಾತ್ರ ಮಾತನಾಡಿದ್ದು ತಿಳಿಯಿತು. ಹಿಂದೆ ಅಗಲಿಕೆಯ ಭಾವಗೀತೆಯೊಂದು ನಡೆದಿತ್ತು. ಅದರ ಸಾಲು ಮುಗಿಯುವಲ್ಲಿ ನನ್ನ ವಾಕ್ಯವೂ ಮುಗಿಯುತ್ತಿತ್ತು, ಅದು ಎಳೆಯುವಲ್ಲಿ ನನ್ನ ದನಿಯೂ ಎಳೆಯುತ್ತಿತ್ತು, ಹಾಡಿನ ಒಂದು ಪದವಂತೂ ಎರಡು ಬಾರಿ ನನ್ನ ಬಾಯಲ್ಲಿಯೇ ಬಂದಿತ್ತು. ದಾರಿ ಕೇಳಲು ಬಂದವರಿಗೆ ಸೇತುವೆಯನ್ನು ತೋರಿಸದೆ ಕಳಿಸಿದ್ದೆ. ಮರುದಿನ ಅವರಿಗೆ ಫೋನ್ ಮಾಡಿ, ಬಿಟ್ಟುಹೋದ ಭಾಗವನ್ನು ಹೇಳಿ, ಕ್ಷಮೆ ಕೇಳಿದೆ.

ಅಂದಿನಿಂದ ಸಾಹಿತ್ಯವಿರುವ ಹಾಡು ಆ ಕೋಣೆಗೆ ಬಂದಿಲ್ಲ. ಬದಲಿಗೆ ಸಿತಾರ್, ಬಾನ್ಸುರಿ ಹಾಕತೊಡಗಿದೆ. ಆದರೆ ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರಂಥ ಹಿಂದೂಸ್ತಾನಿ ಗಾಯಕರು ಬಾಳಿದ ಊರಿನಲ್ಲಿ ಹಿನ್ನೆಲೆ ಸಂಗೀತವೆಂಬುದು ಎಲ್ಲರಿಗೂ ಹಿನ್ನೆಲೆಯಾಗಿ ಉಳಿಯುವುದಿಲ್ಲ. ಒಂದು ಸಂಜೆ ಬಂದಿದ್ದ ಹಿರಿಯರೊಬ್ಬರು, ನಾನು ಎಲೆ ಕಲಸುತ್ತಿರುವಾಗಲೇ, "ಅಕ್ಕಾರ, ಇದು ತೋಡಿ ಅಲ್ರೀ? ಸಂಜಿ ಏಳಕ್ಕ ಮುಂಜಾನಿ ರಾಗ ಕಿವಿಗೆ ಬಿದ್ರ ನನಗ ಮನಸ್ಸು ನಿಂದ್ರಂಗಿಲ್ಲ ನೋಡ್ರಿ" ಎಂದರು. ಅವರ ಮಾತು ಸರಿಯಾಗಿತ್ತು. ರಾಗಕ್ಕೆ ಅದರದೇ ಹೊತ್ತಿದೆ, ಅದರದೇ ಭಾವವಿದೆ. ಕಾರ್ಡು ತನ್ನ ಮಾತು ಹೇಳುವ ಮೊದಲೇ ರಾಗ ಕೋಣೆಯ ಬಣ್ಣವನ್ನು ನಿಶ್ಚಯಿಸಿಬಿಡುತ್ತದೆ.

ಹಾಗೆಂದು ಈ ಕಾರ್ಡುಗಳಿಗೂ ಸಂಗೀತಕ್ಕೂ ನಂಟಿಲ್ಲವೆನ್ನಲಾರೆ. ನಾನು ಬಳಸುವ ಡೆಕ್ಕು, ಎಂದರೆ ಕಾರ್ಡುಗಳ ಕಟ್ಟು, 1909ರಲ್ಲಿ ಲಂಡನ್ನಿನಲ್ಲಿ ಮೊದಲು ಪ್ರಕಟವಾದುದು. ಆರ್ಥರ್ ಎಡ್ವರ್ಡ್ ವೇಟ್ ಅವರ ಸೂಚನೆಯಂತೆ ಅದರ 78 ಚಿತ್ರಗಳನ್ನು ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಆಕೆ ಸಂಗೀತ ಕೇಳುತ್ತ, ಆ ಹೊತ್ತಿನಲ್ಲಿ ಕಣ್ಣಿಗೆ ಕಟ್ಟಿದ್ದನ್ನು ಬರೆಯುತ್ತಿದ್ದ ಕಲಾವಿದೆ. 1908ರಲ್ಲಿ ಸ್ಟ್ರಾಂಡ್ ಮಾಸಪತ್ರಿಕೆ ಆಕೆಯ ಸಂಗೀತಚಿತ್ರಗಳ ಬಗೆಗೆ ಲೇಖನವನ್ನೇ ಪ್ರಕಟಿಸಿತ್ತು. ಇದನ್ನು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಹಾಡು ಕೇಳುತ್ತ ಚಿತ್ರ ಕಂಡ ಕೈಯ ಚಿತ್ರಗಳನ್ನು ಹಾಡು ಕೇಳುತ್ತಲೇ ಕಲಿಯಬಹುದಲ್ಲವೇ ಎನಿಸಿತು.

ಆದ್ದರಿಂದ ಒಬ್ಬಳೇ ಅಭ್ಯಾಸಕ್ಕೆ ಕೂಡುವಾಗ ನಾನು ಸಂಗೀತವನ್ನು ಬಿಟ್ಟಿಲ್ಲ. ಒಂದೇ ಕಾರ್ಡನ್ನು ಎದುರಿಗಿಟ್ಟು ಅರ್ಧ ಗಂಟೆ ನಿಧಾನಗತಿಯ ವಿಲಂಬಿತ ಕೇಳುತ್ತೇನೆ, ಇನ್ನೊಂದು ದಿನ ಅದೇ ಕಾರ್ಡನ್ನು ವೇಗದ ದ್ರುತ್ ಲಯದೊಂದಿಗೆ ನೋಡುತ್ತೇನೆ, ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಟೂ ಆಫ್ ಪೆಂಟಕಲ್ಸ್ ಕಾರ್ಡಿನಲ್ಲಿ ಯುವಕನೊಬ್ಬ ಎರಡು ನಾಣ್ಯಗಳನ್ನು ಕೈಯಲ್ಲಿ ಆಡಿಸುತ್ತಾನೆ. ಎರಡು ಹೊಣೆಗಳನ್ನು ಸಮತೂಗುವುದು ಎಂಬ ಅರ್ಥವನ್ನೇ ನಾನು ಕಲಿತಿದ್ದೆ, ಅದನ್ನೇ ಹೇಳುತ್ತಿದ್ದೆ. ತಬಲಾದಲ್ಲಿ ಹದಿನಾರು ಮಾತ್ರೆಗಳ ತೀನ್‌ತಾಲ್ ನಡೆಯುತ್ತಿದ್ದ ಒಂದು ಬೆಳಿಗ್ಗೆ ಅವನ ಎತ್ತಿದ ಕಾಲು ಕಣ್ಣಿಗೆ ಬಿತ್ತು. ಆಮೇಲೆ ಅವನ ಹಿಂದೆ ಅಲೆಯ ಮೇಲೇರಿ ಅಲೆಯೊಂದಿಗೇ ಇಳಿಯುವ ಹಡಗುಗಳು ಕಂಡವು. ಅವನು ತಕ್ಕಡಿ ಹಿಡಿದವನಲ್ಲ, ಕುಣಿಯುತ್ತಿರುವವನು. ಮನೆ ಮತ್ತು ನೌಕರಿಯ ನಡುವೆ ದಣಿದ ಹೆಣ್ಣುಮಕ್ಕಳಿಗೆ ಈ ಕಾರ್ಡು ಬಂದಾಗ ಈಗ ನಾನು ಲಯದ ಮಾತನ್ನು ಆಡುತ್ತೇನೆ: ಎರಡನ್ನೂ ಸಮ ಮಾಡುವ ಹಟವನ್ನು ಬಿಟ್ಟು, ಯಾವುದು ಯಾವಾಗ ಮೇಲೇರುತ್ತದೆ ಎಂಬುದನ್ನು ಗಮನಿಸಲು ಹೇಳುತ್ತೇನೆ. ಇದನ್ನು ನನಗೆ ಕೊಟ್ಟದ್ದು ತಬಲಾ.

ಬಂದವರ ಎದುರು ಮಾತ್ರ ಈಗ ತಂಬೂರಿಯೊಂದೇ. ಅದಕ್ಕೆ ಸಾಹಿತ್ಯವಿಲ್ಲ, ಆರಂಭ ಮುಕ್ತಾಯಗಳಿಲ್ಲ. ಪಂಚಮ ಮತ್ತು ಷಡ್ಜ, ಅಂದರೆ ಪ ಮತ್ತು ಸ ಸ್ವರಗಳು, ಮತ್ತೆ ಮತ್ತೆ ಮಿಡಿಯುತ್ತವೆಯಷ್ಟೆ. ಯಾವ ರಾಗಕ್ಕೂ ಅದು ಇನ್ನೂ ಕೈಹಾಕಿರುವುದಿಲ್ಲ. ಎಲೆಕ್ಟ್ರಾನಿಕ್ ತಂಬೂರಿಯನ್ನು ನಾನು ಹಾಡುವ ಶ್ರುತಿಗೆ ಇಡದೆ, ಮಾತನಾಡುವಾಗ ನನ್ನ ದನಿ ತಾನಾಗಿ ನಿಲ್ಲುವ ಕೆಳಗಿನ ಶ್ರುತಿಗೆ ಇಟ್ಟುಕೊಂಡಿದ್ದೇನೆ. ಹಾಗೆ ಮಾಡಿದ ಮೇಲೆ ನನ್ನ ಮಾತಿನ ಅವಸರ ಕಡಿಮೆಯಾಯಿತು. ತಂಬೂರಿಯನ್ನು ಮೇಜಿನ ಮೇಲೆ ಇಡುವುದಿಲ್ಲ, ನನ್ನ ಬೆನ್ನ ಹಿಂದಿನ ಕಪಾಟಿನ ಕೆಳಹಲಗೆಯಲ್ಲಿಡುತ್ತೇನೆ. ಬಂದವರು ದನಿ ಏರಿಸದೆ ಮಾತನಾಡಲು ಸಾಧ್ಯವಾಗದಿದ್ದರೆ ಅದು ಜೋರಾಯಿತೆಂದೇ ಅರ್ಥ. ಮೊದಲು ಉಚಿತ ಆ್ಯಪ್ ಒಂದರಲ್ಲಿ ತಂಬೂರಿ ಹಾಕುತ್ತಿದ್ದೆ. ತಾಯಿಯನ್ನು ಕಳೆದುಕೊಂಡ ಮಹಿಳೆಯೊಬ್ಬರು ಅಳುತ್ತಿರುವಾಗ ನಡುವೆ ಜಾಹೀರಾತು ಕೂಗಿತು, ಅವರು ಥಟ್ಟನೆ ಕಣ್ಣೊರೆಸಿಕೊಂಡು ಎದ್ದು ನಿಂತರು. ಆ ವಾರವೇ ಪ್ರತ್ಯೇಕ ಯಂತ್ರ ಕೊಂಡೆ.

ಓದಿಸಿಕೊಳ್ಳುವವರು ಬರುವ ಹತ್ತು ನಿಮಿಷ ಮೊದಲೇ ತಂಬೂರಿ ಶುರುವಾಗಿರುತ್ತದೆ. ಬಂದವರಿಗೆ ಇದು ಇರಲೋ ಬೇಡವೋ ಎಂದು ಕೇಳುತ್ತೇನೆ. ಹಳ್ಳಿಯಿಂದ ಬರುವ ಹಿರಿಯ ಹೆಂಗಸರು "ಭಜನಿಗೆ ಕುಂತಂಗ ಆತ್ರೀ" ಎಂದು ಸೆರಗು ಸರಿಪಡಿಸಿಕೊಂಡು ಕೂಡುತ್ತಾರೆ. ಹಾಡುಗಾರರಾಗಿದ್ದ ತಂದೆಯನ್ನು ಈಚೆಗೆ ಕಳೆದುಕೊಂಡ ಹುಡುಗನೊಬ್ಬ ಮಾತ್ರ ಬೇಡವೆಂದ. ಆ ದಿನ ಪೂರ್ಣ ಮೌನದಲ್ಲಿ ಓದಿದೆ, ಮೊದಲಿನಂತೆ ಆ ಮೌನ ನನ್ನನ್ನು ಕಾಡಲಿಲ್ಲ. ಎಲೆ ಕಲಸಿ, ಬಂದವರಿಂದ ಕಟ್ಟನ್ನು ಎರಡು ಪಾಲು ಮಾಡಿಸುವವರೆಗೆ ತಂಬೂರಿ ಇರುತ್ತದೆ. ಮೊದಲ ಕಾರ್ಡು ತಿರುವುವ ಮುನ್ನ ದನಿಯನ್ನು ನಿಧಾನವಾಗಿ, ಕೇಳಿಯೂ ಕೇಳಿಸದಷ್ಟಕ್ಕೆ ಇಳಿಸುತ್ತೇನೆ. ಥಟ್ಟನೆ ನಿಲ್ಲಿಸಿದರೆ ಏನೋ ಕೆಟ್ಟದ್ದು ಬರಲಿದೆಯೆಂದು ಬಂದವರು ಗಾಬರಿಯಾಗುವುದನ್ನು ನೋಡಿದ್ದೇನೆ.

ಫೋನಿನ ರೀಡಿಂಗಿನಲ್ಲಿ ಈ ಕ್ರಮ ನಡೆಯುವುದಿಲ್ಲ. ಒಂದೇ ಸಮನೆ ಬರುವ ನಾದವನ್ನು ಫೋನು ಗದ್ದಲವೆಂದು ಬಗೆದು ಅಳಿಸಿಹಾಕುತ್ತದೆ. ಆಚೆಯವರಿಗೆ ತುಂಡು ತುಂಡಾದ ಗುಂಯ್‌ಗುಟ್ಟುವಿಕೆ ಮಾತ್ರ ತಲುಪುತ್ತದೆ. ನ್ಯೂಜೆರ್ಸಿಯಲ್ಲಿ ನೆಲೆಸಿದ ಹುಬ್ಬಳ್ಳಿಯ ಒಬ್ಬರು ಎರಡು ವರ್ಷಗಳಿಂದ ನನ್ನಲ್ಲಿ ಓದಿಸಿಕೊಳ್ಳುತ್ತಿದ್ದಾರೆ. ಊರಿಗೆ ಬಂದಾಗ ನಮ್ಮ ಕೋಣೆಯಲ್ಲಿ ಕುಳಿತು ಹೋದವರು, ಮರಳಿದ ಮೇಲೆ ಮೊದಲ ಕರೆಯಲ್ಲಿಯೇ "ತಂಬೂರಿ ಎಲ್ಲಿ ಐತ್ರೀ ಅಕ್ಕಾ?" ಎಂದು ಕೇಳಿದರು. ಈಗ ಕರೆಗೆ ಮೊದಲು ನನ್ನ ಶ್ರುತಿ ಯಾವುದೆಂದು ಸಂದೇಶ ಕಳಿಸುತ್ತೇನೆ. ಅವರು ತಮ್ಮ ಮನೆಯಲ್ಲಿ ಅದೇ ಶ್ರುತಿಗೆ ತಂಬೂರಿ ಹಚ್ಚಿಕೊಂಡು, ಹತ್ತು ನಿಮಿಷ ಸುಮ್ಮನೆ ಕುಳಿತು, ಅದನ್ನು ಆರಿಸಿ ನನಗೆ ಫೋನ್ ಮಾಡುತ್ತಾರೆ.